ಊರು ಬದಲಾದರೆ ಲ್ಯಾಪ್‌ಟಾಪಿನ ನೆಟ್ ಯಾಕೆ ಕೈಕೊಡುತ್ತದೆ?

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅರಸೀಕೆರೆ ಹತ್ತಿರದ ಹಳ್ಳಿ. ಎರಡು ದಿನ ರಜೆ, ಮೂರನೇ ದಿನ ಅಲ್ಲಿಂದಲೇ ಕೆಲಸ ಅಂತ ಲೆಕ್ಕ ಹಾಕಿ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಮೂರನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ವೈಫೈ ಗುರುತು ಪೂರ್ತಿ ತುಂಬಿದೆ. ಪಾಸ್‌ವರ್ಡ್ ಸರಿಯಿದೆ. ಕನೆಕ್ಟೆಡ್ ಅಂತಲೂ ತೋರಿಸುತ್ತಿದೆ. ಆದರೆ ಒಂದು ಪುಟವೂ ತೆರೆಯುತ್ತಿಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದೆ. ಮೂರು ಸಲ. ಲೈನ್ ಹಾಕಿಕೊಟ್ಟ ಹುಡುಗನಿಗೆ ಫೋನ್ ಮಾಡಿದೆ. "ಲೈನ್ ಚೆನ್ನಾಗಿದೆ ಸರ್, ನಿಮ್ ಕಡೆನೇ ಏನೋ ಇರ್ಬೇಕು" ಅಂದ. ನಾನು ನಂಬಲಿಲ್ಲ. ಜಗುಲಿಯ ಮೇಲೆ ಕೂತು ಫೋನಿನಲ್ಲಿ ನಾಟಕ ನೋಡುತ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು: "ನನ್ ಫೋನಲ್ಲಿ ಚೆನ್ನಾಗೇ ಬರ್ತಿದೆಯಲ್ಲೋ."

ನಾನು ಅರ್ಧ ಗಂಟೆ ಒದ್ದಾಡಿದ್ದಕ್ಕೆ ಉತ್ತರ ಆ ಒಂದು ಮಾತಿನಲ್ಲಿತ್ತು. ಅದೇ ರೂಟರ್, ಅದೇ ವೈಫೈ. ಅಪ್ಪನ ಫೋನಿಗೆ ಬರುತ್ತಿದೆ, ನನ್ನ ಲ್ಯಾಪ್‌ಟಾಪಿಗೆ ಬರುತ್ತಿಲ್ಲ. ಅಂದರೆ ತೊಂದರೆ ನನ್ನ ಬ್ಯಾಗಿನಲ್ಲಿ ಬೆಂಗಳೂರಿನಿಂದ ಬಂದಿತ್ತು.

ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿದೆ. ನೆಟ್‌ವರ್ಕಿನಲ್ಲಿ ನನ್ನ ನಂಬರ್, ಅಂದರೆ ಐಪಿ ವಿಳಾಸ, 192.168.10.45, ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ 192.168.10.1 ಅಂತ ಬಂತು. ಅಪ್ಪನ ಫೋನ್ ಇಸ್ಕೊಂಡು ನೋಡಿದೆ. ಅದರಲ್ಲಿ 192.168.1.6, ಗೇಟ್‌ವೇ 192.168.1.1. ನಮ್ಮ ಮನೆಯ ರೂಟರ್ 192.168.10ರ ಸಾಲಿನ ನಂಬರ್ ಯಾರಿಗೂ ಕೊಡುವುದೇ ಇಲ್ಲ. ಅದು ಆಫೀಸಿನ ನಂಬರ್. ಎರಡು ತಿಂಗಳ ಹಿಂದೆ ಆಫೀಸಿನ ಸ್ಕ್ಯಾನರ್ ನೇರವಾಗಿ ನನ್ನ ಲ್ಯಾಪ್‌ಟಾಪಿನ ಫೋಲ್ಡರಿಗೆ ಫೈಲ್ ಕಳಿಸಲಿ ಅಂತ, ಅಲ್ಲಿ ಸಿಸ್ಟಮ್ ನೋಡಿಕೊಳ್ಳುವ ಹುಡುಗ ಆ ನಂಬರನ್ನು ಗಟ್ಟಿಯಾಗಿ ಕೂರಿಸಿದ್ದ. ನನಗೆ ಮರೆತೇ ಹೋಗಿತ್ತು.

ಆ ನಂಬರ್‌ಗಳು ಜಾಗಕ್ಕೆ ಸೇರಿದ್ದವು. ನಾವು ಅವನ್ನು ಲ್ಯಾಪ್‌ಟಾಪಿಗೆ ಅಂಟಿಸಿದ್ದೆವು. ಆಫೀಸು, ಕಾಲೇಜು, ಮನೆ, ಹಾಟ್‌ಸ್ಪಾಟ್ ಅಂತ ಓಡಾಡುವಾಗ ನೆಟ್ ಕೈಕೊಡುವ ಮುಕ್ಕಾಲು ಪಾಲು ಕಥೆ ಇಷ್ಟೇ.

ಪಂಕ್ತಿಯಲ್ಲಿ ಕೂರಿಸುವವರು

ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಾಗಿಲಲ್ಲಿ ನಿಂತ ಒಬ್ಬರು "ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ" ಅಂತ ಖಾಲಿ ಎಲೆ ತೋರಿಸುತ್ತಾರೆ. ಕೈ ತೊಳೆಯಲು ಯಾವ ಕಡೆ ಹೋಗಬೇಕು ಅಂತಲೂ ಹೇಳುತ್ತಾರೆ. ನಿಮ್ಮ ಎಲೆ ಯಾವುದು ಅನ್ನುವುದು ಆ ಮದುವೆ ಮನೆ ತೀರ್ಮಾನಿಸುವ ಸಂಗತಿ. ಮುಂದಿನ ವಾರ ಇನ್ನೊಂದು ಮದುವೆಗೆ ಹೋಗಿ "ನನ್ನದು ಎರಡನೇ ಸಾಲಿನ ಐದನೇ ಎಲೆ" ಅಂತ ಯಾರೂ ಹಟ ಹಿಡಿಯುವುದಿಲ್ಲ, ಅಲ್ವಾ? ನನ್ನ ಲ್ಯಾಪ್‌ಟಾಪ್ ಆ ಹಬ್ಬದ ಬೆಳಿಗ್ಗೆ ಮಾಡುತ್ತಿದ್ದದ್ದು ಅದೇ.

ನೆಟ್‌ವರ್ಕಿನಲ್ಲಿ ಹೀಗೆ ಕೂರಿಸುವ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಮನೆಯಲ್ಲಿ ಈ ಕೆಲಸ ರೂಟರೇ ಮಾಡುತ್ತದೆ. ಲ್ಯಾಪ್‌ಟಾಪ್ ವೈಫೈಗೆ ಸೇರಿದ ಕೂಡಲೇ "ಜಾಗ ಕೊಡುವವರು ಯಾರಾದರೂ ಇದ್ದೀರಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ರೂಟರ್ "192.168.1.7 ಖಾಲಿ ಇದೆ, ಬೇಕಾ?" ಅನ್ನುತ್ತದೆ. ಲ್ಯಾಪ್‌ಟಾಪ್ "ಅದೇ ಕೊಡಿ" ಅನ್ನುತ್ತದೆ. ರೂಟರ್ "ಸರಿ, ಇಷ್ಟು ಹೊತ್ತು ಅದು ನಿನ್ನದು" ಅಂತ ಮುಗಿಸುತ್ತದೆ. ನಾಲ್ಕೇ ಮಾತು, ಸಾಮಾನ್ಯವಾಗಿ ಒಂದೆರಡು ಸೆಕೆಂಡಿನ ಒಳಗೆ ಮುಗಿಯುತ್ತದೆ. "ಇಷ್ಟು ಹೊತ್ತು" ಅನ್ನುವುದನ್ನು ಗಮನಿಸಿ. ಅದು ಬಾಡಿಗೆ. ಅವಧಿ ಅರ್ಧ ಕಳೆಯುವ ಹೊತ್ತಿಗೆ ಲ್ಯಾಪ್‌ಟಾಪ್ ಸುಮ್ಮನೆ ಹಿಂದೆಯಿಂದಲೇ ಬಾಡಿಗೆ ನವೀಕರಿಸಿಕೊಳ್ಳುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ಈ ಪದ್ಧತಿ ಮೊದಲು ಪ್ರಕಟವಾಗಿದ್ದು 1993ರಲ್ಲಿ. ಇವತ್ತಿಗೂ ನಾವು ಬಳಸುವ ರೂಪ 1997ರಲ್ಲಿ ಬಂತು. ರಾಲ್ಫ್ ಡ್ರಾಮ್ಸ್ ಅನ್ನುವವರು ಬರೆದ ದಾಖಲೆ ಅದು. ಅದಕ್ಕೂ ಮುಂಚೆ ಪ್ರತಿ ಕಂಪ್ಯೂಟರಿಗೂ ಯಾರಾದರೂ ಕೂತು ನಂಬರ್ ಹಾಕುವುದೇ ವಾಡಿಕೆ. ಕಂಪ್ಯೂಟರ್ ಅಂದರೆ ಮೇಜಿನ ಮೇಲೆ ಕದಲದೆ ಕೂರುವ ಡಬ್ಬಿ ಆಗಿದ್ದಾಗ ಅದು ನಡೆಯಿತು. ಅದಕ್ಕೆ ಕಾಲು ಬಂದ ಮೇಲೆ ನಡೆಯುವುದಿಲ್ಲ.

ಕೂರಿಸುವಾತ ಕೊಡುವುದು ಮುಖ್ಯವಾಗಿ ನಾಲ್ಕು ಸಂಗತಿ. ಒಂದು ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಎಲೆ. ಎರಡನೆಯದು ಸಬ್‌ನೆಟ್ ಮಾಸ್ಕ್. ನಿಮ್ಮ ಪಂಕ್ತಿ ಎಲ್ಲಿಂದ ಎಲ್ಲಿವರೆಗೆ ಅನ್ನುವುದನ್ನು ಅದು ಹೇಳುತ್ತದೆ. 255.255.255.0 ಅಂತ ಇದ್ದರೆ ಮೊದಲ ಮೂರು ನಂಬರ್ ಒಂದೇ ಇರುವವರೆಲ್ಲ ನಿಮ್ಮ ಸಾಲಿನವರು ಅಂತ ಅರ್ಥ. ಮೂರನೆಯದು ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು. ನಿಮ್ಮ ಸಾಲಿನಲ್ಲಿ ಇಲ್ಲದ ಯಾರ ಹತ್ತಿರ ಮಾತಾಡಬೇಕಾದರೂ ಆ ಬಾಗಿಲಿನಿಂದಲೇ ಹೋಗಬೇಕು. ನಾಲ್ಕನೆಯದು ಡಿಎನ್‌ಎಸ್. ನೀವು ಹೆಸರು ಹೇಳಿದರೆ ಅದರ ನಂಬರ್ ಹುಡುಕಿ ಕೊಡುವವರು.

ಈಗ ನನ್ನ ಲ್ಯಾಪ್‌ಟಾಪ್ ನಮ್ಮ ಮನೆಯಲ್ಲಿ ಏನು ಮಾಡುತ್ತಿತ್ತು ನೋಡಿ. ಹೊರಗೆ ಹೋಗಬೇಕು ಅಂದಾಗಲೆಲ್ಲ "192.168.10.1 ಯಾರು? ಎಲ್ಲಿದ್ದೀರಿ?" ಅಂತ ಕೂಗುತ್ತಿತ್ತು. ನಮ್ಮ ಮನೆಯಲ್ಲಿ ಆ ನಂಬರಿನವರು ಯಾರೂ ಇಲ್ಲ. ಉತ್ತರವೇ ಇಲ್ಲ. ವೈಫೈ ಗುರುತು ಮಾತ್ರ ಪೂರ್ತಿ ತುಂಬಿರುತ್ತದೆ, ಯಾಕೆಂದರೆ ಅದು ಹೇಳುವುದು ರೇಡಿಯೋ ಸಂಪರ್ಕ ಚೆನ್ನಾಗಿದೆ ಅಂತ ಅಷ್ಟೇ. ಮದುವೆ ಮನೆಯ ಒಳಗೆ ಬಂದಿದ್ದೀರಿ ಅನ್ನುವುದಕ್ಕೆ ಅದು ಸಾಕ್ಷಿ. ಎಲೆ ಸಿಕ್ಕಿದೆ ಅಂತ ಅಲ್ಲ.

ಇದಕ್ಕಿಂತ ಕೆಟ್ಟದ್ದು ಅರ್ಧ ಕೆಲಸ ಮಾಡುವ ಸ್ಥಿತಿ. ಆಫೀಸೂ ಮನೆಯೂ ಎರಡೂ 192.168.1ರ ಸಾಲಿನಲ್ಲೇ ಇದ್ದರೆ ಗಟ್ಟಿ ನಂಬರ್ ಹಾಕಿಕೊಂಡೇ ಮನೆಯಲ್ಲೂ ನೆಟ್ ಬರಬಹುದು. ಅದು ಅದೃಷ್ಟ. ಒಂದು ದಿನ ರೂಟರ್ ಅದೇ ನಂಬರನ್ನು ಅಮ್ಮನ ಫೋನಿಗೆ ಕೊಡುತ್ತದೆ. ಒಂದೇ ಎಲೆಗೆ ಇಬ್ಬರು. ಆಗ ಒಮ್ಮೆ ನಿಮಗೆ ಬರುತ್ತದೆ, ಒಮ್ಮೆ ಅವರಿಗೆ ಬರುತ್ತದೆ, ಒಮ್ಮೆ ಇಬ್ಬರಿಗೂ ಇಲ್ಲ. ಇಂಥದ್ದನ್ನು ಹುಡುಕಿ ಹಿಡಿಯಲು ಹೋದರೆ ತಲೆ ಕೆಡುತ್ತದೆ. ಇಲ್ಲವೇ ಡಿಎನ್‌ಎಸ್ ಮಾತ್ರ ಆಫೀಸಿನದು ಉಳಿದಿರುತ್ತದೆ. ಆಗ ಗೂಗಲ್‌ನ 8.8.8.8ಗೆ ಪಿಂಗ್ ಮಾಡಿದರೆ, ಅಂದರೆ "ಇದ್ದೀರಾ?" ಅಂತ ಕೂಗಿ ನೋಡಿದರೆ, ಉತ್ತರ ಬರುತ್ತದೆ, ಬ್ರೌಸರಿನಲ್ಲಿ ಮಾತ್ರ ಒಂದು ಪುಟವೂ ತೆರೆಯುವುದಿಲ್ಲ. ದಾರಿ ಇದೆ, ವಿಳಾಸ ಹೇಳುವವರು ಇಲ್ಲ.

ನಂಬರ್ ಪ್ಲೇಟ್ ಓದುವುದು

ಕೆಎ 13 ಅಂದರೆ ಹಾಸನ, ಕೆಎ 09 ಅಂದರೆ ಮೈಸೂರು ಅಂತ ಗಾಡಿ ನೋಡಿದ ಕೂಡಲೇ ಹೇಳುತ್ತೇವಲ್ಲ, ಐಪಿ ನಂಬರನ್ನೂ ಹಾಗೆ ಓದಬಹುದು. ಇದು ಕಲಿತರೆ ಅರ್ಧ ಕೆಲಸ ಮುಗಿದಂತೆ.

192.168ರಿಂದ, 10ರಿಂದ, ಅಥವಾ 172.16ರಿಂದ 172.31ರವರೆಗಿನ ನಂಬರಿನಿಂದ ಶುರುವಾದರೆ ಅದು ಒಳಮನೆಯ ವಿಳಾಸ. 1994ರಲ್ಲಿ ಈ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆ ಅಂತ ಬಿಟ್ಟುಕೊಟ್ಟರು. ಹಾಗಾಗಿಯೇ ಲಕ್ಷಾಂತರ ಮನೆಗಳಲ್ಲಿ ಅದೇ 192.168.1.1 ಇದ್ದರೂ ಜಗಳವಿಲ್ಲ. ಪ್ರತಿ ಊರಿನಲ್ಲೂ ಒಂದು ಗಾಂಧಿ ಬಜಾರೋ ಗಾಂಧಿ ವೃತ್ತವೋ ಇದ್ದ ಹಾಗೆ.

172.20.10 ಅಂತ ಶುರುವಾಗಿದ್ದರೆ ನೀವು ಬಹುತೇಕ ಯಾರದೋ ಐಫೋನಿನ ಹಾಟ್‌ಸ್ಪಾಟಿನಲ್ಲಿದ್ದೀರಿ. 192.168.43 ಇದ್ದರೆ ಹಳೆಯ ಆಂಡ್ರಾಯ್ಡ್ ಫೋನಿನದು. 192.168.137 ಇದ್ದರೆ ವಿಂಡೋಸ್ ಲ್ಯಾಪ್‌ಟಾಪೊಂದು ತನ್ನ ನೆಟ್ ಹಂಚುತ್ತಿದೆ. ದೊಡ್ಡ ಕಂಪನಿ, ದೊಡ್ಡ ಕಾಲೇಜುಗಳಲ್ಲಿ 10ರಿಂದ ಶುರುವಾಗುವುದು ಜಾಸ್ತಿ.

ಇನ್ನೊಂದು ನಂಬರನ್ನು ನೆನಪಿಟ್ಟುಕೊಳ್ಳಲೇಬೇಕು. 169.254. ಐಪಿಕಾನ್ಫಿಗ್ ಹೊಡೆದಾಗ ಇದು ಕಂಡರೆ ಕೂರಿಸುವವರು ಯಾರೂ ಬರಲಿಲ್ಲ ಅಂತ ಅರ್ಥ. ಲ್ಯಾಪ್‌ಟಾಪ್ ಕೂಗಿ ಕೂಗಿ ಸಾಕಾಗಿ ತಾನೇ ಒಂದು ಮೂಲೆಯಲ್ಲಿ ಎಲೆ ಹಾಕಿಕೊಂಡು ಕೂತಿದೆ. ಯಾರೂ ಬಡಿಸಲು ಬರುವುದಿಲ್ಲ. ವಿಂಡೋಸ್ 98ರ ಕಾಲದಿಂದಲೂ ಈ ನಡವಳಿಕೆ ಇದೆ. ಇದು ಕಂಡರೆ ಡಿಎನ್‌ಎಸ್, ಬ್ರೌಸರ್ ಅಂತ ಕೆದಕುತ್ತಾ ಕೂರಬೇಡಿ. ರೂಟರ್ ತನಕ ಮಾತೇ ತಲುಪಿಲ್ಲ, ಅಥವಾ ರೂಟರ್ ಉತ್ತರ ಕೊಡುತ್ತಿಲ್ಲ. ರೂಟರನ್ನು ಮೂರು ಸಲ ಆಫ್ ಆನ್ ಮಾಡುವ ನನ್ನ ಚಟಕ್ಕೆ ಬೆಲೆ ಇರುವುದು ಈ ಒಂದು ಸಂದರ್ಭದಲ್ಲಿ ಮಾತ್ರ.

ಗಟ್ಟಿ ನಂಬರ್ ಬೇಕೇ ಬೇಕಾದಾಗ

ಹಾಗಾದರೆ ಎಲ್ಲ ಕಡೆ ಆಟೋಮ್ಯಾಟಿಕ್ ಅಂತ ಬಿಟ್ಟರೆ ಸಾಕಲ್ಲ ಅನ್ನಬಹುದು. ಬಹಳ ಜನಕ್ಕೆ ಸಾಕು. ನನ್ನ ಸಲಹೆಯೂ ಅದೇ. ಆದರೆ ಕೆಲವು ಕೆಲಸಗಳಲ್ಲಿ ನಡೆಯುವುದಿಲ್ಲ. ಪೀಣ್ಯದ ಕಾರ್ಖಾನೆಗೆ ಹೋಗಿ ಯಂತ್ರದ ಪಿಎಲ್‌ಸಿಗೆ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಿಗೆ, ನೇರ ಕೇಬಲ್ ಚುಚ್ಚುವ ಸರ್ವಿಸ್ ಇಂಜಿನಿಯರ್‌ಗೆ ಅಲ್ಲಿ ಕೂರಿಸುವವರು ಯಾರೂ ಇರುವುದಿಲ್ಲ. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಲ್ಯಾಪ್‌ಟಾಪ್, ಮಧ್ಯೆ ಒಂದು ಕೇಬಲ್. ಸಿಸಿಟಿವಿ ಹಾಕುವವರದೂ ಇದೇ ಪಾಡು. ಅವರು ಯಂತ್ರದ ಸಾಲಿನಲ್ಲೇ ಒಂದು ನಂಬರನ್ನು ತಾವೇ ಹಾಕಿಕೊಳ್ಳಬೇಕು. ಸಂಜೆ ಮನೆಗೆ ಬಂದು ತೆಗೆಯಬೇಕು. ಮಾರನೇ ದಿನ ಮತ್ತೆ ಹಾಕಬೇಕು.

ಇಲ್ಲಿ ಸರಿಯಾದ ದಾರಿ ಅಂದರೆ ಸೆಟ್ಟಿಂಗನ್ನು ಜಾಗದ ಹೆಸರಿನಲ್ಲಿ ಬರೆದಿಡುವುದು. "ಆಫೀಸು ಅಂದರೆ ಈ ನಂಬರ್‌ಗಳು, ಮನೆ ಅಂದರೆ ಆಟೋಮ್ಯಾಟಿಕ್" ಅಂತ. ಮ್ಯಾಕ್, ಲಿನಕ್ಸ್, ವಿಂಡೋಸ್ ಮೂರೂ ಇದನ್ನು ಮೂರು ಥರ ಮಾಡುತ್ತವೆ.

ಮ್ಯಾಕ್‌ನದು ನನಗೆ ಇಷ್ಟ. ಅದರಲ್ಲಿ ಲೊಕೇಶನ್ ಅಂತಲೇ ಒಂದು ವ್ಯವಸ್ಥೆ ಇದೆ. 90ರ ದಶಕದ ಹಳೆಯ ಮ್ಯಾಕ್‌ಗಳಲ್ಲೂ ಲೊಕೇಶನ್ ಮ್ಯಾನೇಜರ್ ಅಂತ ಇತ್ತು. ಈಗ ಸಿಸ್ಟಮ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟಕ್ಕೆ ಹೋಗಿ ಕೆಳಗಿರುವ ಮೂರು ಚುಕ್ಕಿ ಒತ್ತಿದರೆ ಲೊಕೇಶನ್ಸ್ ಅಂತ ಸಿಗುತ್ತದೆ. ಮೊದಲಿಗೆ ಇರುವುದು ಆಟೋಮ್ಯಾಟಿಕ್ ಒಂದೇ. "ಕಾರ್ಖಾನೆ" ಅಂತ ಇನ್ನೊಂದು ಸೇರಿಸಿ, ಅದರಲ್ಲಿ ಬೇಕಾದ ನಂಬರ್ ಹಾಕಿ. ಎರಡು ಲೊಕೇಶನ್ ಆದ ಮೇಲೆ ಎಡಮೂಲೆಯ ಆಪಲ್ ಮೆನುವಿನಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಆರಿಸಿದರೆ ವೈಫೈ, ಕೇಬಲ್, ಡಿಎನ್‌ಎಸ್, ಪ್ರಾಕ್ಸಿ (ಅದೇನು ಅಂತ ಮುಂದೆ ಹೇಳುತ್ತೇನೆ) ಎಲ್ಲ ಒಟ್ಟಿಗೇ ಬದಲಾಗುತ್ತವೆ. ಬದಲಾಯಿಸುವುದು ಮಾತ್ರ ನಿಮ್ಮ ಕೈಯಲ್ಲೇ. ತಾನಾಗಿ ಆಗುವುದಿಲ್ಲ. ಇಲ್ಲೊಂದು ಮೋಸ ಇದೆ. ಹೊಸ ಮ್ಯಾಕ್‌ಗಳಲ್ಲಿ ವೈಫೈ ಹೆಸರಿನ ಪಕ್ಕದ ಡೀಟೇಲ್ಸ್ ಒತ್ತಿ ನಂಬರ್ ಹಾಕಿದಾಗ ಅದು ಆ ಒಂದು ವೈಫೈಗೆ ಮಾತ್ರ ಅಂತ ಅನ್ನಿಸುತ್ತದೆ. ಹಾಗಲ್ಲ. ಆ ಲೊಕೇಶನ್‌ನಲ್ಲಿ ಇರುವಷ್ಟು ಹೊತ್ತೂ ಎಲ್ಲ ವೈಫೈಗೂ ಅದೇ.

ಲಿನಕ್ಸಿನವರಿಗೆ ಇದು ತಲೆನೋವೇ ಅಲ್ಲ. 2004ರಲ್ಲಿ ರೆಡ್‌ಹ್ಯಾಟ್ ಕಂಪನಿ ಶುರು ಮಾಡಿದ ನೆಟ್‌ವರ್ಕ್ ಮ್ಯಾನೇಜರ್ ಪ್ರತಿ ವೈಫೈಗೂ ಒಂದು ಪ್ರತ್ಯೇಕ ಪ್ರೊಫೈಲ್ ಇಡುತ್ತದೆ. ಒಂದೇ ಕೇಬಲ್ ತೂತಿಗೂ ನಾಲ್ಕಾರು ಪ್ರೊಫೈಲ್ ಮಾಡಿಟ್ಟು, ಬೇಕಾದ್ದನ್ನು ಒಂದು ಕ್ಲಿಕ್ಕಿನಲ್ಲಿ ಆರಿಸಬಹುದು.

ವಿಂಡೋಸ್ ವಿಷಯ ಸ್ವಲ್ಪ ಗೋಜಲು, ಮತ್ತೆ ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವುದೂ ಅದೇ. ಅದರಲ್ಲಿ ಒಂದೇ ಸಂಗತಿಗೆ ಎರಡು ಬಾಗಿಲು. ಹಳೆಯದು ಕಂಟ್ರೋಲ್ ಪ್ಯಾನೆಲ್ಲಿನ ಅಡಾಪ್ಟರ್ ಪ್ರಾಪರ್ಟೀಸ್. ಇಪ್ಪತ್ತು ವರ್ಷದಿಂದ ಸಿಸ್ಟಮ್ ನೋಡಿಕೊಳ್ಳುವವರ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಅಲ್ಲಿ ನಂಬರ್ ಹಾಕಿದರೆ ಅದು ಲ್ಯಾಪ್‌ಟಾಪಿನ ವೈಫೈ ಯಂತ್ರಕ್ಕೇ ಅಂಟುತ್ತದೆ. ನೀವು ಯಾವ ಊರಿಗೆ ಹೋದರೂ ಜೊತೆಗೆ ಬರುತ್ತದೆ. ನನಗೆ ಆಗಿದ್ದು ಇದೇ.

ಹೊಸ ಬಾಗಿಲು ಸೆಟ್ಟಿಂಗ್ಸ್ ಒಳಗಿದೆ. ವಿಂಡೋಸ್ 11ರಲ್ಲಿ ವೈಫೈ ಪುಟಕ್ಕೆ ಹೋಗಿ, ಪರಿಚಯದ ನೆಟ್‌ವರ್ಕುಗಳ ಪಟ್ಟಿಯಲ್ಲಿ ಆಫೀಸಿನ ವೈಫೈ ಹೆಸರು ಒತ್ತಿ. ಅಲ್ಲಿ ಐಪಿ ಅಸೈನ್‌ಮೆಂಟ್ ಅಂತ ಇರುತ್ತದೆ. ಅದರಲ್ಲಿ ಮ್ಯಾನ್ಯುಯಲ್ ಆರಿಸಿ ನಂಬರ್ ಹಾಕಿದರೆ ಅದು ಆ ಹೆಸರಿನ ವೈಫೈಗೆ ಮಾತ್ರ. ಮನೆಗೆ ಬಂದರೆ ತಾನಾಗಿ ಆಟೋಮ್ಯಾಟಿಕ್. ಅದೇ ವೈಫೈ ಪುಟದ ಹಾರ್ಡ್‌ವೇರ್ ಪ್ರಾಪರ್ಟೀಸ್‌ನಲ್ಲಿ ಡಿಎನ್‌ಎಸ್ ಬದಲಾಯಿಸಿದರೆ ಮತ್ತೆ ಎಲ್ಲ ವೈಫೈಗೂ ಅದೇ ಆಗುತ್ತದೆ. ಆಗ ಆಫೀಸಿನ ವೈಫೈ ಪುಟಕ್ಕೆ ಹೋದರೆ "ಎಲ್ಲ ವೈಫೈ ನೆಟ್‌ವರ್ಕುಗಳಿಗೂ ಡಿಎನ್‌ಎಸ್ ಹಾಕಿದ್ದಾಗಿದೆ, ಇಲ್ಲಿನದು ನಡೆಯುವುದಿಲ್ಲ" ಅನ್ನುವ ಅರ್ಥದ ಸಾಲು ಕಾಣುತ್ತದೆ. ಬಹಳ ಜನ ಅದನ್ನು ಓದದೆ, ಹಾಕಿದ್ದು ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಪೇಚಾಡುತ್ತಾರೆ.

ವೈಫೈಗೆ ಹೆಸರಿದೆ, ಹಾಗಾಗಿ ಹೆಸರು ನೋಡಿ ಯಾವ ಜಾಗ ಅಂತ ಲ್ಯಾಪ್‌ಟಾಪ್ ಗುರುತು ಹಿಡಿಯುತ್ತದೆ. ಕೇಬಲ್‌ಗೆ ಹೆಸರಿಲ್ಲ. ಎಲ್ಲ ಕೇಬಲ್ಲೂ ಒಂದೇ ಥರ. ಹಾಗಾಗಿ ಪೀಣ್ಯದ ಇಂಜಿನಿಯರ್‌ಗೆ ಈ ಹೊಸ ಬಾಗಿಲಿನಿಂದ ಲಾಭ ಕಡಿಮೆ. ಅವರಿಗೆ ಕಂಟ್ರೋಲ್ ಪ್ಯಾನೆಲ್ಲಿನ ಆ ಹಳೆಯ ಕಿಟಕಿಯಲ್ಲೇ ಒಂದು ಒಳ್ಳೆಯ ಉಪಾಯ ಇದೆ. ಅಲ್ಲಿ ಐಪಿ ಆಟೋಮ್ಯಾಟಿಕ್ ಅಂತ ಇಟ್ಟರೆ ಪಕ್ಕದಲ್ಲಿ ಆಲ್ಟರ್ನೇಟ್ ಕಾನ್ಫಿಗರೇಶನ್ ಅನ್ನುವ ಇನ್ನೊಂದು ಟ್ಯಾಬ್ ಕಾಣುತ್ತದೆ. ಅದರಲ್ಲಿ ಕಾರ್ಖಾನೆಯ ನಂಬರ್ ಬರೆದಿಡಿ. ಕೇಬಲ್ ಚುಚ್ಚಿದಾಗ ಕೂರಿಸುವವರು ಇದ್ದರೆ ಅವರು ಹೇಳಿದ ಕಡೆ ಕೂರುತ್ತದೆ. ಯಾರೂ ಇಲ್ಲದಿದ್ದರೆ, ಸ್ವಲ್ಪ ಹೊತ್ತು ಕಾದು, 169.254ಕ್ಕೆ ಬೀಳುವ ಬದಲು ನೀವು ಬರೆದಿಟ್ಟ ನಂಬರ್ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಏನೂ ಮುಟ್ಟಬೇಕಾಗಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಸೌಲಭ್ಯ ಇದು. ಇದನ್ನು ಬಳಸುವವರನ್ನು ನಾನು ನೋಡಿದ್ದು ಕಡಿಮೆ.

ಎರಡು ಮೂರು ಕಾರ್ಖಾನೆ ಇದ್ದು ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್ ಬೇಕಾದರೆ ಈ ಉಪಾಯವೂ ಸಾಲುವುದಿಲ್ಲ. ಅಂಥವರು ವಿಂಡೋಸಿನಲ್ಲಿ ನಂಬರ್ ಬದಲಾಯಿಸುವ ನೆಟ್‌ಶೆಲ್ ಆಜ್ಞೆಗಳನ್ನು ಬ್ಯಾಚ್ ಫೈಲಿನಲ್ಲಿ, ಅಂದರೆ ಆಜ್ಞೆಗಳ ಪಟ್ಟಿಯ ಫೈಲಿನಲ್ಲಿ, ಬರೆದು, ಡೆಸ್ಕ್‌ಟಾಪಿನಲ್ಲಿ ಜಾಗಕ್ಕೊಂದು ಐಕಾನ್ ಇಟ್ಟುಕೊಳ್ಳುತ್ತಾರೆ. ಅದನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತಲೇ ತೆರೆಯಬೇಕು, ಬರೀ ಡಬಲ್ ಕ್ಲಿಕ್ ಮಾಡಿದರೆ ನಂಬರ್ ಬದಲಾಗುವುದಿಲ್ಲ.

ಪ್ರಾಕ್ಸಿ ಅನ್ನುವ ಮರೆತ ನೆಂಟ

ನಂಬರ್‌ಗಳೆಲ್ಲ ಸರಿಯಿದ್ದೂ ನೆಟ್ ಬರದಿದ್ದರೆ ಮೊದಲು ಪ್ರಾಕ್ಸಿ ನೋಡಿ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಇದ್ದವರಿಗೆ ಇದು ಚೆನ್ನಾಗಿ ಗೊತ್ತು. ಕೆಲವು ಕಾಲೇಜು, ಆಫೀಸುಗಳಲ್ಲಿ ನೇರವಾಗಿ ಹೊರಗೆ ಹೋಗಲು ಬಿಡುವುದಿಲ್ಲ. ಮಧ್ಯದಲ್ಲಿ ಒಬ್ಬ ಕೂತಿರುತ್ತಾನೆ. ನಿಮಗೆ ಬೇಕಾದ್ದನ್ನು ಅವನಿಗೆ ಹೇಳಬೇಕು, ಅವನು ಹೊರಗಿಂದ ತಂದು ಕೊಡುತ್ತಾನೆ. 3128, 8080 ಅನ್ನುವ ಪೋರ್ಟ್ ನಂಬರ್ ಕಂಡರೆ ಅವನೇ.

ಹಾಸ್ಟೆಲಿನಲ್ಲಿ ಹಾಕಿದ ಪ್ರಾಕ್ಸಿ ರಜೆಗೆ ಮನೆಗೆ ಬಂದರೂ ಹಾಗೇ ಉಳಿಯುತ್ತದೆ. ವಿಂಡೋಸಿನಲ್ಲಿ ಕೈಯಾರೆ ಹಾಕಿದ ಪ್ರಾಕ್ಸಿ ವೈಫೈ ಹೆಸರಿಗೆ ಕಟ್ಟಿಕೊಂಡಿರುವುದಿಲ್ಲ. ಎಲ್ಲ ಕಡೆಗೂ ಒಂದೇ. ಇದರ ಲಕ್ಷಣ ಹೇಳುತ್ತೇನೆ: ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಬ್ರೌಸರ್ ಸತ್ತಿರುತ್ತದೆ, ಪಿಂಗ್ ಮಾತ್ರ ಉತ್ತರ ಕೊಡುತ್ತದೆ. ಕ್ರೋಮ್ ಬರುವುದಿಲ್ಲ, ಫೈರ್‌ಫಾಕ್ಸ್ ಬರುತ್ತದೆ, ಯಾಕೆಂದರೆ ಫೈರ್‌ಫಾಕ್ಸಿನಲ್ಲಿ ಪ್ರಾಕ್ಸಿಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಬಹುದು. ಕೋಡ್ ಬರೆಯುವವರ ಪಾಡು ಇನ್ನೂ ಕಷ್ಟ. ಗಿಟ್, ಎನ್‌ಪಿಎಂ ಅನ್ನುವ ಅವರ ಸಾಧನಗಳಿಗೆ ಒಂದೊಂದು ಅಂತ ಎಲ್ಲೆಲ್ಲೋ ಬರೆದಿರುತ್ತಾರೆ. ವಿಂಡೋಸಿನಲ್ಲಿ ತೆಗೆದರೂ ಅಲ್ಲಿ ಉಳಿದಿರುತ್ತದೆ.

ಇದಕ್ಕೂ ಹಳೆಯ ಒಳ್ಳೆಯ ಪರಿಹಾರ ಇದೆ. 1996ರ ಹೊತ್ತಿಗೆ ನೆಟ್‌ಸ್ಕೇಪ್‌ನವರು ಪ್ಯಾಕ್ ಫೈಲ್ ಅನ್ನುವುದನ್ನು ತಂದರು. ಯಾವ ವಿಳಾಸಕ್ಕೆ ಪ್ರಾಕ್ಸಿ ಮೂಲಕ ಹೋಗಬೇಕು, ಯಾವುದಕ್ಕೆ ನೇರವಾಗಿ ಹೋಗಬೇಕು ಅಂತ ತೀರ್ಮಾನಿಸುವ ನಾಲ್ಕು ಸಾಲಿನ ಪ್ರೋಗ್ರಾಂ ಅದು. ಆಫೀಸಿನವರು ಪ್ಯಾಕ್ ವಿಳಾಸ ಕೊಟ್ಟಿದ್ದರೆ ಅದನ್ನೇ ಹಾಕಿ, ನಂಬರ್ ಹಾಕಬೇಡಿ. ಮನೆಯಲ್ಲಿ ಆ ಫೈಲ್ ಸಿಗದಿದ್ದರೆ ಬ್ರೌಸರ್ ಸಾಮಾನ್ಯವಾಗಿ ನೇರ ದಾರಿ ಹಿಡಿಯುತ್ತದೆ.

ಸ್ಟೇಷನ್ನಿನ ವೈಫೈ, ಮೊಬೈಲಿನ ಹಾಟ್‌ಸ್ಪಾಟ್

ರೈಲ್ವೆ ಸ್ಟೇಷನ್ನುಗಳಲ್ಲಿ ರೈಲ್‌ವೈರ್ ವೈಫೈ ಇರುತ್ತದಲ್ಲ. ಸೇರಿದ ಕೂಡಲೇ ಮೊಬೈಲ್ ನಂಬರ್ ಕೇಳುವ ಪುಟ ಬರಬೇಕು, ಓಟಿಪಿ ಹಾಕಿದ ಮೇಲೆ ನೆಟ್. ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸಲ ಆ ಪುಟವೇ ಬರುವುದಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಆ ಪುಟ ತೋರಿಸುವುದೇ ಒಂದು ಸಣ್ಣ ಸುಳ್ಳಿನಿಂದ. ವೈಫೈಗೆ ಸೇರಿದ ಕೂಡಲೇ ವಿಂಡೋಸ್ ಹಿಂದೆಯಿಂದಲೇ ಮೈಕ್ರೋಸಾಫ್ಟಿನ ಒಂದು ಪುಟ್ಟ ಪುಟ ಕೇಳಿ ನೋಡುತ್ತದೆ. ಅದರಲ್ಲಿ "ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್" ಅನ್ನುವ ಮೂರೇ ಪದ ಇರುತ್ತವೆ. ಆ ಮೂರು ಪದ ಬಂದರೆ ನೆಟ್ ಇದೆ. ಸ್ಟೇಷನ್ನಿನ ವೈಫೈ ಆ ಪುಟದ ಬದಲು ತನ್ನ ಲಾಗಿನ್ ಪುಟ ಕಡೆಗೆ ತಿರುಗಿಸುತ್ತದೆ. "ಓಹೋ, ಇಲ್ಲಿ ಲಾಗಿನ್ ಆಗಬೇಕು" ಅಂತ ವಿಂಡೋಸಿಗೆ ತಿಳಿಯುವುದು ಹಾಗೆ.

ನೀವು ಡಿಎನ್‌ಎಸ್ ಅನ್ನು 1.1.1.1 ಅಥವಾ 8.8.8.8 ಅಂತ ಗಟ್ಟಿ ಮಾಡಿಟ್ಟಿದ್ದರೆ, ಅಥವಾ ವಿಪಿಎನ್, ಅಂದರೆ ಎಲ್ಲ ಮಾತನ್ನೂ ಬೀಗ ಹಾಕಿ ಆಫೀಸಿನಂಥ ಇನ್ನೊಂದು ಜಾಗದ ಮೂಲಕ ಕಳಿಸುವ ಸುರಂಗ, ಯಾವಾಗಲೂ ಆನ್ ಇದ್ದರೆ, ಈ ತಿರುಗಿಸುವ ಆಟ ನಡೆಯದೇ ಹೋಗಬಹುದು. ಲಾಗಿನ್ ಆಗುವವರೆಗೆ ಹೊರಗೆ ಬಿಡುವುದಿಲ್ಲ, ಹೊರಗೆ ಬಿಡದೆ ವಿಪಿಎನ್ ಏಳುವುದಿಲ್ಲ, ವಿಪಿಎನ್ ಏಳದೆ ಲಾಗಿನ್ ಪುಟ ಬರುವುದಿಲ್ಲ. ವಿಪಿಎನ್ ಐದು ನಿಮಿಷ ನಿಲ್ಲಿಸಿ, ಆ ವೈಫೈಗೆ ಡಿಎನ್‌ಎಸ್ ಆಟೋಮ್ಯಾಟಿಕ್ ಮಾಡಿ. ಬ್ರೌಸರಿನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ. ವಿಳಾಸದ ಪಕ್ಕ ಬೀಗ ಇಲ್ಲದ, ಅಂದರೆ ಎಚ್‌ಟಿಟಿಪಿಎಸ್ ಅಲ್ಲದ, ಹಳೇ ಥರದ ಪುಟ ಅದು, ಬೇಕೆಂದೇ ಹಾಗೆ ಇಟ್ಟಿದ್ದಾರೆ. ಬೀಗ ಇರುವ ಪುಟವನ್ನು ಮಧ್ಯದವರು ತಿರುಗಿಸಲು ಆಗುವುದಿಲ್ಲ, ಇದನ್ನು ತಿರುಗಿಸಬಹುದು. ಲಾಗಿನ್ ಪುಟ ಬಂದುಬಿಡುತ್ತದೆ. ಓಟಿಪಿ ಹಾಕಿದ ಮೇಲೆ ವಿಪಿಎನ್ ಆನ್ ಮಾಡಿಕೊಳ್ಳಿ.

ಇಂಥ ಕಡೆ ವಿಂಡೋಸ್ ಪಬ್ಲಿಕ್ಕಾ ಪ್ರೈವೇಟಾ ಅಂತ ಕೇಳಿದರೆ ಪಬ್ಲಿಕ್ ಅನ್ನಿ. ಆಗ ಅಕ್ಕಪಕ್ಕದವರಿಗೆ ನಿಮ್ಮ ಲ್ಯಾಪ್‌ಟಾಪ್ ಕಾಣುವುದಿಲ್ಲ. ಮನೆಯಲ್ಲಿ ಪ್ರೈವೇಟ್ ಇರಲಿ. ಮನೆಯ ಲ್ಯಾಪ್‌ಟಾಪಿನಲ್ಲಿ ಹಂಚಿಟ್ಟ ಫೋಲ್ಡರ್ ಇನ್ನೊಂದರಲ್ಲಿ ಕಾಣಿಸುತ್ತಿಲ್ಲ ಅಂದರೆ ಎಷ್ಟೋ ಸಲ ಮನೆಯನ್ನೂ ಪಬ್ಲಿಕ್ ಅಂತ ಇಟ್ಟಿರುತ್ತೀರಿ. ಹಾಟ್‌ಸ್ಪಾಟಿಗೆ ಮೀಟರ್ಡ್, ಅಂದರೆ ಡೇಟಾಕ್ಕೆ ಮಿತಿ ಇದೆ, ಅನ್ನುವ ಗುಂಡಿ ಒತ್ತಿಡಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಿಮ್ಮ ದಿನದ ಡೇಟಾ ಪೂರ್ತಿ ನುಂಗಿ ನೀರು ಕುಡಿಯುತ್ತದೆ. ಇವೆರಡೂ ವೈಫೈ ಹೆಸರಿಗೆ ತಕ್ಕಂತೆ ನೆನಪಿರುತ್ತವೆ, ಪುಣ್ಯಕ್ಕೆ.

ವಿಪಿಎನ್ ಮೂಲಕ ಆಫೀಸಿಗೆ ಸೇರುವವರಿಗೆ ಒಂದು ವಿಚಿತ್ರ ತೊಂದರೆ ಕಾಡುತ್ತದೆ. ವಿಪಿಎನ್ ಕನೆಕ್ಟ್ ಆಗಿದೆ, ಆದರೆ ಆಫೀಸಿನ ಸರ್ವರ್ ಸಿಗುತ್ತಿಲ್ಲ. ಆಫೀಸಿನ ಸಾಲೂ 192.168.1, ಮನೆಯ ಸಾಲೂ 192.168.1 ಆದರೆ ಹೀಗಾಗಬಹುದು. 192.168.1.20 ಅಂದಾಗ ಲ್ಯಾಪ್‌ಟಾಪ್ "ಇದು ನಮ್ಮ ಸಾಲಿನದೇ" ಅಂದುಕೊಂಡು ಮನೆಯೊಳಗೇ ಹುಡುಕುತ್ತದೆ. ಆಫೀಸಿನವರು ತಮ್ಮದನ್ನು ಬದಲಾಯಿಸುವುದಿಲ್ಲ. ನಿಮ್ಮ ಮನೆಯ ರೂಟರಿನ ಸಾಲನ್ನು 192.168.73 ಅಂತ ಯಾರೂ ಹಾಕದ ನಂಬರಿಗೆ ಬದಲಾಯಿಸಿಬಿಡಿ. ನಾನು ಹೊಸ ರೂಟರ್ ತಂದರೆ ಮೊದಲು ಮಾಡುವ ಕೆಲಸ ಇದು.

ಹೊರದೇಶದ ಯೂನಿವರ್ಸಿಟಿಗಳಲ್ಲಿ ಓದುತ್ತಿರುವ ನಮ್ಮ ಹುಡುಗರು ಎಜುರೋಮ್ ಅನ್ನುವ ವೈಫೈ ನೋಡಿರುತ್ತಾರೆ. ಇಲ್ಲಿ ಎಲ್ಲವೂ ತಿರುಗುಮುರುಗು. ಸಾವಿರಾರು ಕ್ಯಾಂಪಸ್ಸುಗಳಲ್ಲಿ ವೈಫೈಗೆ ಒಂದೇ ಹೆಸರು. ನೀವು ಮ್ಯೂನಿಕ್‌ನವರಾಗಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರೂ ಲ್ಯಾಪ್‌ಟಾಪ್ ತಾನಾಗಿ ಸೇರುತ್ತದೆ. ಯೂಸರ್‌ನೇಮಿನ ಕೊನೆಯಲ್ಲಿ ನಿಮ್ಮ ಯೂನಿವರ್ಸಿಟಿಯ ಹೆಸರು ಇರುತ್ತದೆ. ಅದನ್ನು ನೋಡಿ ಆಮ್‌ಸ್ಟರ್‌ಡ್ಯಾಮಿನವರು ಮ್ಯೂನಿಕ್‌ಗೆ ಕೇಳುತ್ತಾರೆ, "ಇವರು ನಿಮ್ಮವರಾ?" ಅಂತ. ನೀವು ಯಾರು ಅನ್ನುವುದು ಲ್ಯಾಪ್‌ಟಾಪಿನಲ್ಲಿರುತ್ತದೆ, ಎಲ್ಲಿ ಕೂರಬೇಕು ಅನ್ನುವುದನ್ನು ಆ ಜಾಗ ಹೇಳುತ್ತದೆ. ಅದಕ್ಕೇ ಅಲ್ಲಿ ಸೆಟ್ಟಿಂಗ್ ಬದಲಾಯಿಸುವ ಗೋಳಿಲ್ಲ.

ನನ್ನ ಸ್ಕ್ಯಾನರ್ ಕಥೆ

ಹಬ್ಬದ ದಿನಗಳಿಗೆ ವಾಪಸ್ ಬರುತ್ತೇನೆ. ಊರಿನಲ್ಲಿ ಆ ಹಳೆಯ ಕಿಟಕಿ ತೆರೆದು ಆಟೋಮ್ಯಾಟಿಕ್ ಅಂತ ಒತ್ತಿದೆ. ಐದು ಸೆಕೆಂಡಿನಲ್ಲಿ ನೆಟ್ ಬಂತು. ಲೈನ್ ಹುಡುಗನಿಗೆ ಫೋನ್ ಮಾಡಿ "ಸಾರಿ ಕಣಪ್ಪ" ಅಂದೆ.

ಸೋಮವಾರ ಆಫೀಸಿಗೆ ಹೋದರೆ ಸ್ಕ್ಯಾನರ್ ಫೈಲ್ ಕಳಿಸುತ್ತಿಲ್ಲ. ಸಹಜವೇ. ಅದು 192.168.10.45ನೇ ನಂಬರಿಗೆ ಕಳಿಸುತ್ತಿದೆ, ನಾನು ಈಗ 62ರಲ್ಲಿ ಕೂತಿದ್ದೇನೆ. ಸಿಸ್ಟಮ್ ಹುಡುಗ ಮತ್ತೆ ಗಟ್ಟಿ ನಂಬರ್ ಹಾಕಲು ಕೈ ಚಾಚಿದ. ತಡೆದೆ. "ಲ್ಯಾಪ್‌ಟಾಪ್ ಮುಟ್ಟಬೇಡ ಮಾರಾಯ, ರೂಟರಿನಲ್ಲೇ ಮಾಡು" ಅಂದೆ. ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರುತ್ತದೆ. ಪ್ರತಿ ಲ್ಯಾಪ್‌ಟಾಪಿನ ವೈಫೈ ಯಂತ್ರಕ್ಕೂ ಒಂದು ಮ್ಯಾಕ್ ಅಡ್ರೆಸ್ ಇರುತ್ತದೆ. ಆಪಲ್‌ನ ಮ್ಯಾಕ್ ಅಲ್ಲ, ಇದು ಯಂತ್ರದ ಗುರುತಿನ ನಂಬರ್. ಆ ಗುರುತಿನವರು ಬಂದರೆ 45ನೇ ಎಲೆಯನ್ನೇ ಕೊಡು ಅಂತ ರೂಟರಿಗೆ ಹೇಳಿಡುವುದು. ಲ್ಯಾಪ್‌ಟಾಪ್ ಎಲ್ಲ ಕಡೆ ಆಟೋಮ್ಯಾಟಿಕ್ ಆಗಿಯೇ ಇರುತ್ತದೆ, ಆಫೀಸಿನಲ್ಲಿ ಮಾತ್ರ ಯಾವಾಗಲೂ 45 ಸಿಗುತ್ತದೆ. ಹುಡುಗ ರಿಸರ್ವೇಶನ್ ಮಾಡಿದ. ಸ್ಕ್ಯಾನ್ ಬಂತು.

ಮಾರನೇ ದಿನ ಮತ್ತೆ ಬರಲಿಲ್ಲ. ಐಪಿಕಾನ್ಫಿಗ್ ಹೊಡೆದರೆ 71. ಇಬ್ಬರೂ ತಲೆ ಕೆರೆದುಕೊಂಡೆವು. ಆಮೇಲೆ ಗೊತ್ತಾಯಿತು, ನನ್ನ ವಿಂಡೋಸಿನಲ್ಲಿ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್ ಅನ್ನುವುದು ಆನ್ ಇತ್ತು, ಅದೂ ದಿನಕ್ಕೊಂದು ಬದಲಾಯಿಸುವ ಆಯ್ಕೆಯಲ್ಲಿ. ಹೋದ ಕಡೆಯೆಲ್ಲ ನಮ್ಮನ್ನು ಯಾರೂ ಬೆನ್ನಟ್ಟದಿರಲಿ ಅಂತ ಲ್ಯಾಪ್‌ಟಾಪ್ ತನ್ನ ಗುರುತನ್ನೇ ಬದಲಾಯಿಸಿಕೊಳ್ಳುತ್ತದೆ. ಸ್ಟೇಷನ್ನಿನಲ್ಲಿ, ಮಾಲ್‌ನಲ್ಲಿ ಅದು ಒಳ್ಳೆಯದೇ. ಆಫೀಸಿನ ರೂಟರಿಗೆ ಮಾತ್ರ ನಾನು ದಿನಾ ಹೊಸಬ. ಸೆಟ್ಟಿಂಗ್ಸ್‌ಗೆ ಹೋಗಿ, ಆಫೀಸಿನ ವೈಫೈ ಹೆಸರು ಒತ್ತಿ, ಆ ಒಂದಕ್ಕೆ ಮಾತ್ರ ಅದನ್ನು ಆಫ್ ಮಾಡಿದೆ. ಹುಡುಗ ರಿಸರ್ವೇಶನ್‌ನಲ್ಲಿ ನನ್ನ ನಿಜವಾದ ಅಡ್ರೆಸ್ ಹಾಕಿದ. ಆಮೇಲೆ ದೀಪಾವಳಿಗೆ ಊರಿಗೆ ಹೋಗಿ ಬಂದೆ, ಸಂಕ್ರಾಂತಿಗೂ ಹೋಗಿ ಬಂದೆ. ಲ್ಯಾಪ್‌ಟಾಪಿನಲ್ಲಿ ಏನೂ ಮುಟ್ಟಿಲ್ಲ. ಸ್ಕ್ಯಾನ್ ಬರುತ್ತಿದೆ.